ಬಿಳಿಗೂದಲಾಕಿ

ಪರದೆಯ ಮೇಲೆ ಬಂದ ಹುಡುಗಿಗೆ ಮೂಗೇ ಇರಲಿಲ್ಲ. ಇತ್ತೆಂದರೂ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟಷ್ಟು. ಕಣ್ಣು ಮಾತ್ರ ಅರ್ಧ ಮುಖದಷ್ಟು ದೊಡ್ಡವು, ಅವುಗಳೊಳಗೆ ಎರಡೆರಡು ನಕ್ಷತ್ರ ಹೊಳೆಯುತ್ತಿದ್ದವು. ಕುಬೇರಪ್ಪನ ಪಡಸಾಲೆಯಲ್ಲಿ ಒತ್ತಿಕೊಂಡು ಕುಳಿತಿದ್ದ ಹೆಂಗಸರು, ಮಕ್ಕಳು ಕತ್ತು ಉದ್ದ ಮಾಡಿ ನೋಡಿದರು.

"ಅಯ್ಯ ಶಿವನ, ಇಷ್ಟ ದೊಡ್ಡ ಕಣ್ಣಿಗೆ ಕಾಡಿಗಿ ಹಚ್ಚಬೇಕಂದ್ರ ಒಂದ ಡಬ್ಬಿ ಸಾಲಂಗಿಲ್ಲ," ಎಂದಳು ಆಯಿ.

ಕಸ್ತೂರಿ ಮೊಳಕೈಯಿಂದ ಅಜ್ಜಿಯನ್ನು ತಿವಿದಳು. ಅಪ್ಪನ ತಾಯಿಯಾದ ಆಕೆಯನ್ನು ಮನೆಯಲ್ಲಷ್ಟೇ ಅಲ್ಲ, ಗುಡಗೇರಿಯ ಅರ್ಧ ಓಣಿಯೇ ಆಯಿ ಎನ್ನುತ್ತಿತ್ತು. ಓಣಿಯ ಮಕ್ಕಳೆಲ್ಲ ಅವಳ ಕಥೆ ಕೇಳಿಯೇ ಬೆಳೆದವರು. ಈ ತಿಂಗಳಿಂದ ರವಿವಾರ ಮುಂಜಾನೆ ಟೀವಿಯಲ್ಲಿ ಹೊಸ ಹೊಸ ಗೊಂಬೆ ಸಿನಿಮಾ ಬರುತ್ತವೆ, ಎಲ್ಲ ಜಪಾನ್ ದೇಶದವು ಎಂದು ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಬಂದು ಗೋಡೆಗೊರಗಿ ಜಾಗ ಹಿಡಿದವಳೂ ಅವಳೇ. ತನ್ನ ಕಥೆ ಕೇಳುವವರನ್ನು ಕಿತ್ತುಕೊಳ್ಳುವುದು ಏನಿದೆ ಎಂದು ನೋಡಬೇಕಿತ್ತು ಅವಳಿಗೆ.

"ಏನಂತಾಳ ಆಕಿ? ಶಮೀಮಾ, ಹೇಳಲೇ," ಎಂದಳು ಆಯಿ.

ಕಾಳಿನ ವ್ಯಾಪಾರಿ ಕುಬೇರಪ್ಪನಿಗೆ ಟೀವಿ ಇತ್ತು, ಹಿಂದಿ ಇರಲಿಲ್ಲ. ಹಿಂದಿ ಇದ್ದದ್ದು ಹೊಲಿಗೆ ಮಷಿನ್ನಿನ ಶಮೀಮಾಬಿಗೆ. ಹಾಗಾಗಿ ಅವಳಿಗೆ ಪರದೆಯ ಪಕ್ಕದಲ್ಲೇ ಮಣೆ ಹಾಕಿದ್ದರು.

"ಆಕಿ ಊರಿನ ಗಂಟೀನ ಒಂದು ಹಕ್ಕಿ ಹೊತಗೊಂಡ ಹೋಗೇತಂತ. ಅದನ್ನ ಹುಡಕಾಕ ಹೊಂಟಾಳ."

"ಗಂಟಿ ಹೋದ್ರ ಹೊಸಾದ ಮಾಡಸ್ಬೇಕಪಾ. ಅದಕ್ಕ್ಯಾಕ ಇಷ್ಟ ತಿರಗಾಟ?" ಎಂದ ಕುಬೇರಪ್ಪ.

"ಅದನ್ನ ಬಾರಸದಿದ್ರ ಆಕಿ ಊರಾಗ ಬೆಳಗ ಆಗಂಗಿಲ್ಲಂತರೀ ಕಾಕಾ."

"ಹಂಗನ್ನು!" ಎಂದು ಆಯಿ ಕಾಲು ಮಡಚಿ ನೆಟ್ಟಗೆ ಕುಳಿತಳು.

ಹುಡುಗಿ ಒಂದು ದೋಣಿ ಹತ್ತಿದಳು. ದೋಣಿ ನೀರು ಬಿಟ್ಟು ಮೋಡದೊಳಗೆ ಹೋಯಿತು. ಗಾಳಿಗೆ ಅವಳ ಕೂದಲು ಬಿಚ್ಚಿ ಪರದೆಯ ತುಂಬ ಹರಡಿತು. ಸೊಂಟದವರೆಗಿನ ಕೂದಲು, ಒಂದೆಳೆಯೂ ಕಪ್ಪಿಲ್ಲ.

"ಕೂದ್ಲಾ ನೋಡ್ರಿ, ಒಡದ ಹತ್ತಿ ಹಂಗ," ಎಂದಿತು ಒಂದು ಮಗು.

ಪಡಸಾಲೆಯ ಕಣ್ಣುಗಳೆಲ್ಲ ಒಮ್ಮೆ ಕಸ್ತೂರಿಯ ಕಡೆ ತಿರುಗಿ, ತಟ್ಟನೆ ಮತ್ತೆ ಟೀವಿಗೆ ಹೋದವು. ಕಸ್ತೂರಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡಳು. ಅವಳಿಗೆ ಹತ್ತೊಂಬತ್ತು. ಸೆರಗಿನೊಳಗೆ ಇದ್ದ ಕೂದಲು ಆಯಿಯ ಕೂದಲಿಗಿಂತ ಬೆಳ್ಳಗಿತ್ತು.

ಅದಾದ ಮೇಲೆ ಬಂದದ್ದು ಕಬ್ಬಿಣದ ಮನುಷ್ಯನೊಬ್ಬನ ಕಥೆ. ಅವನ ಮುಷ್ಟಿ ಕಿತ್ತುಕೊಂಡು ಹಾರಿ ಹೋಗಿ, ಹೊಡೆದು, ಮತ್ತೆ ಬಂದು ಕೈಗೆ ಕೂಡುತ್ತಿತ್ತು. ಮಕ್ಕಳು ಕುಣಿದಾಡಿದರು. ಕುಬೇರಪ್ಪ ಅದಕ್ಕೆ ಎಣ್ಣೆ ಎಷ್ಟು ಬೇಕಾದೀತೆಂದು ವಿಚಾರ ಮಾಡಿದ. ಆಯಿಗೆ ಅದು ಹಿಡಿಸಲಿಲ್ಲ. "ಕೈ ತಿರುಗಿ ಬರತೈತಂದ ಮ್ಯಾಲ ಹೆದರಿಕಿ ಎಲ್ಲೀದು?" ಎಂದು ಎದ್ದಳು. ಕಸ್ತೂರಿ ಅದನ್ನು ನೋಡಿಯೇ ಇರಲಿಲ್ಲ. ಅವಳ ಕಣ್ಣೊಳಗೆ ಇನ್ನೂ ದೋಣಿ ಹೋಗುತ್ತಿತ್ತು.

ಮನೆಯ ದಾರಿಯಲ್ಲಿ ಆಯಿ ತೀರ್ಪು ಕೊಟ್ಟಳು. "ಅದು ಹುಡುಗಿ ಅಲ್ಲವಾ. ಮುದುಕಿ. ಯಾರದೋ ಶಾಪಕ್ಕ ಮೈ ಹುಡುಗೀದ ಆಗೇತಿ, ಕೂದ್ಲ ಅಷ್ಟ ಮರತ ಉಳದಾವು. ಕಡೀಗೆ ಶಾಪ ಇಳದು ಸಾಯತಾಳ, ನೋಡ್ತಿರು."

"ಕೂದ್ಲಾ ಬೆಳ್ಳಗ ಇದ್ರ ಮುದುಕೀನ ಆಗಿರ್ಬೇಕೇನು?"

ಸ್ವಲ್ಪ ದೂರ ನಡೆದ ಮೇಲೆ ಕಸ್ತೂರಿಯೇ ಮತ್ತೆ ಕೇಳಿದಳು. "ನಿನ್ನ ಕಥಿಯೊಳಗ ಬೆಳ್ಳನ ಕೂದ್ಲಿನ ರಾಜಕುಮಾರಿ ಒಬ್ಬಾಕೀನೂ ಯಾಕಿಲ್ಲ ಆಯಿ?"

"ನನಗ ಹೇಳಿದಾಕಿ ಹಂಗ ಹೇಳಿಲ್ಲವಾ," ಎಂದಳು ಆಯಿ.

ಕಸ್ತೂರಿಯ ಕೂದಲು ಎಂಟನೆಯ ತರಗತಿಯಲ್ಲಿದ್ದಾಗಲೇ ನರೆಯತೊಡಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಪರವೂರಿಗೆ ತಿಳಿಯಬಾರದು ಎಂಬುದು ಅವ್ವನ ಹಟ. ಎಲ್ಲಿಗಾದರೂ ಹೋಗುವುದಿದ್ದರೆ ಹಿಂದಿನ ದಿನ ಬಟ್ಟಲಲ್ಲಿ ಬಣ್ಣದ ಪುಡಿ ಕಲಸಿ, ಬಾಗಿಲು ಹಾಕಿ ಹಚ್ಚುತ್ತಿದ್ದಳು. ನೆತ್ತಿ ಉರಿಯುತ್ತಿತ್ತು, ಕಿವಿಯ ಹಿಂದೆ ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತಿತ್ತು. ಈಗ ಯರಗುಪ್ಪಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಹೆಸರು ಮಡಿವಾಳೆಪ್ಪ, ಹತ್ತಿಯ ಸೊಸಾಯಿಟಿಯಲ್ಲಿ ಕೆಲಸ. ಹುಡುಗಿಯನ್ನು ನೋಡಲು ಬರುವ ದಿನ ಇನ್ನೂ ಗೊತ್ತಾಗಿರಲಿಲ್ಲ. ಅವ್ವ ಮಾತ್ರ ಬಣ್ಣದ ಪೊಟ್ಟಣ ತಂದಿಟ್ಟಾಗಿತ್ತು. ಇದು ಕೂಡಿ ಬಂದರೆ ಆ ಮನೆಯಲ್ಲಿ ಯಾವ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳಲಿ, ಎಷ್ಟು ವರುಷ ಹಚ್ಚಿಕೊಳ್ಳಲಿ ಎಂದು ಕಸ್ತೂರಿ ಯೋಚಿಸುತ್ತಿದ್ದಳು. ಯಾರನ್ನೂ ಕೇಳಲಿಲ್ಲ.

ಮುಂದಿನ ರವಿವಾರಗಳಲ್ಲಿ ಅವಳು ಗಂಟೆಯ ಕಥೆಯನ್ನು ಬೇರೆಯೇ ರೀತಿಯಲ್ಲಿ ನೋಡಿದಳು. ಬಿಳಿಗೂದಲಾಕಿ ಸಂತೆಗೆ ಹೋದಳು, ಹಡಗಿನ ಹುಡುಗನೊಡನೆ ಜಗಳಾಡಿದಳು, ದೀಪ ಕಾಯುವ ಮುದುಕನ ಮನೆಯಲ್ಲಿ ಉಂಡಳು. ಯಾರಾದರೂ ಒಬ್ಬರು ಅವಳ ಕೂದಲಿನ ಬಗ್ಗೆ ಕೇಳುತ್ತಾರೆಂದು ಕಸ್ತೂರಿ ಕಾಯುತ್ತಲೇ ಇದ್ದಳು. ಯಾರೂ ಕೇಳಲಿಲ್ಲ. ಶಮೀಮಾಬಿ ಹೇಳುವುದು ಬಿಟ್ಟಿರಬಹುದೆಂದು ಅವಳನ್ನೇ ಕೆದಕಿದಳು.

"ನಾ ಯಾಕ ಬಿಡ್ಲಿ ಬೇ? ತಿಳೀದ ಇದ್ದದ್ದ ನಾನs ಹುಟ್ಟಿಸಿ ಹೇಳಾಕತ್ತೇನಿ, ತಿಳದದ್ದ ಬಿಡತೇನೇನು?"

ಯರಗುಪ್ಪಿಯವರು ಬುಧವಾರ ಬರುತ್ತೇವೆಂದು ಹೇಳಿಕಳಿಸಿದರು. ಅದೇ ವಾರ ಶಮೀಮಾಬಿ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋಗಿದ್ದಳು. ರವಿವಾರದ ಕಥೆಯನ್ನು ಅಲ್ಲಿಯೇ, ಅಕ್ಕನ ಬಾಜೂ ಮನೆಯ ಬಣ್ಣದ ಟೀವಿಯಲ್ಲಿ ನೋಡಿ ಬಂದಳು; ಕುಬೇರಪ್ಪನದು ಕಪ್ಪು-ಬಿಳುಪಿನದು. ಸೋಮವಾರ ಕಸ್ತೂರಿ ಅವಳ ಮನೆಯ ಕಟ್ಟೆ ಹತ್ತುವುದರೊಳಗೆ ಮಷಿನ್ ನಿಲ್ಲಿಸಿ ಎದ್ದು ಬಂದಳು.

"ಬೆಳ್ಳಗಿಲ್ಲ ಬೇ ಕಸ್ತೂರಿ! ಆಕಿ ಕೂದ್ಲಾ ಬೆಳ್ಳಗಿಲ್ಲ!"

"ಮತ್ತ?"

"ಗುಲಾಬಿ. ಅಗದಿ ಬೊಂಬಾಯಿ ಮಿಠಾಯಿ ಹಂಗ."

"ಹೋಗ, ಹುಚ್ಚಿ."

"ಅಲ್ಲಾನ ಆಣಿ. ಆ ಹಡಗದ ಹುಡುಗಂದು ಗಿಣಿ ಹಸರ. ಮುದುಕಂದು ನೀಲಿ, ಗಡ್ಡಾನೂ ನೀಲಿ. ನಮ್ಮಕ್ಕನ ಅತ್ತಿ ಅಂತೂ ಟೀವಿ ಕೆಟ್ಟೈತಿ ಅಂತ ಹಿಂದಿನ ಬಟನ್ನಾ ಎಲ್ಲಾ ತಿರುವಿದ್ಲು. ಕೆಟ್ಟಿಲ್ಲ. ಹುಲ್ಲ ಹಸರs ಐತಿ, ಆಕಾಶ ನೀಲೀನs ಐತಿ."

ಕಸ್ತೂರಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಇಷ್ಟು ದಿನ ಯಾವುದೋ ದೂರದ ದೇಶದಲ್ಲಿ ತನ್ನಂಥವಳು ಒಬ್ಬಳಿದ್ದಳು. ಈಗ ಅವಳೂ ಇಲ್ಲ. ಆದರೆ ಆ ನೀಲಿ ಗಡ್ಡ ಕಣ್ಣ ಮುಂದಿನಿಂದ ಹೋಗಲೊಲ್ಲದು.

"ಹುಬ್ಬು?" ಎಂದಳು.

"ಅವೂ ಗುಲಾಬಿ."

"ಅಲ್ಲೆ ಬಣ್ಣದ ಟೀವಿಯೊಳಗರ ಯಾರಾದ್ರೂ ಕೇಳಿದ್ರೇನು? ಯಾಕ ಗುಲಾಬಿ ಅಂತ?"

ಶಮೀಮಾಬಿ ನೆನಪು ಮಾಡಿಕೊಂಡಳು. "ಇಲ್ಲವಾ. ಎಲ್ಲಾರೂ ಬರೇ ಗಂಟೀ ಮಾತs ಆಡತಾರ."

ಆಯಿಗೆ ಹೇಳಿದಾಗ ಆಕೆ ಅಡಿಕೆಲೆ ಜಗಿಯುವುದನ್ನೇ ನಿಲ್ಲಿಸಿದಳು. ಶಾಪ, ಮುದುಕಿ, ಸಾವು ಎಂದು ಕಟ್ಟಿದ್ದ ಅವಳ ಕಥೆಯೆಲ್ಲ ಕುಸಿದು ಹೋಗಿತ್ತು. ಸಿಟ್ಟಾದಾಳೆಂದು ಕಸ್ತೂರಿ ನೋಡಿದರೆ ಆಯಿಯ ಹೊಟ್ಟೆ ನಗೆಗೆ ಕುಲುಕುತ್ತಿತ್ತು. "ನೀಲಿ ಗಡ್ಡ! ನಮ್ಮವ್ವಗ ಇದು ಹೊಳೀಲೇ ಇಲ್ಲ ನೋಡs! ಇಡೀ ಜನ್ಮ ಕಥಿ ಹೇಳಿದ್ಲು, ಒಬ್ಬನ ಗಡ್ಡಕ್ಕೂ ಬಣ್ಣ ಕೊಡಲಿಲ್ಲ!"

ಮಂಗಳವಾರ ಸಂಜೆ ಅವ್ವ ಬಟ್ಟಲಲ್ಲಿ ಬಣ್ಣ ಕಲಸಿಕೊಂಡು ಬಂದು ಬಾಗಿಲು ಹಾಕಿದಳು.

"ಬ್ಯಾಡವ," ಎಂದಳು ಕಸ್ತೂರಿ. "ಈ ಸಲ ಹಚ್ಚಬ್ಯಾಡ."

"ಏನಂದಿ?"

"ಅವರು ನೋಡಾಕ ಬರಾಕತ್ತಾರಲ್ಲ, ನೋಡಲಿ."

"ನೋಡಿ ಎದ್ದ ಹೋಗ್ತಾರ! ಯರಗುಪ್ಪಿ ತುಂಬ ಡಂಗುರ ಹೊಡೀತಾರ. ಆಮ್ಯಾಲೆ ನಿನ್ನ ಕೇಳಾಕ ಯಾವ ಊರಾವ ಬರತಾನ? ಟೀವಿ ನೋಡಿ ತಲಿ ತಿರಗೇತಿ ನಿನಗ." ಅವ್ವನ ದನಿ ನಡುಗಿತು. ಅದು ಸಿಟ್ಟಲ್ಲ, ಹೆದರಿಕೆ ಎಂದು ಕಸ್ತೂರಿಗೆ ಗೊತ್ತಿತ್ತು.

ಮೂಲೆಯಿಂದ ಆಯಿ ಕೇಳಿದಳು: "ಈ ಬಣ್ಣ ಎಷ್ಟ ದಿನ ನಿಲ್ಲತೈತಿ?"

"ಹದಿನೈದ ದಿನ."

"ಮದವಿ?"

ಅವ್ವ ಬಟ್ಟಲು ಕೆಳಗಿಟ್ಟಳು. "ಅತ್ತಿ, ನೀವರ ಆಕಿಗೆ ಬುದ್ಧಿ ಹೇಳ್ರಿ," ಎಂದಳು.

"ನಾ ಏನ ಹೇಳ್ಲಿ? ನನಗೂ ಹೆದರಿಕಿ ಆಗೇತಿ. ತಲಿ ಆಕೀದು, ಆಕೀನs ಹೇಳ್ಲಿ."

"ಹಚ್ಚಬ್ಯಾಡವ," ಎಂದಳು ಕಸ್ತೂರಿ ಮತ್ತೊಮ್ಮೆ, ಮೆಲ್ಲಗೆ.

ಬೆಳಿಗ್ಗೆ ನೋಡಿದರೆ ಬಟ್ಟಲಿನ ಬಣ್ಣ ಬೇಸಿಗೆಯ ಎರೆಹೊಲದಂತೆ ಒಣಗಿ ಬಿರುಕು ಬಿಟ್ಟಿತ್ತು.

ಬಂದವರು ಮೂವರು: ಮಡಿವಾಳೆಪ್ಪ, ಅವನ ಕಾಕಾ, ಸೋದರತ್ತೆ ಗೌರಕ್ಕ. ಕಸ್ತೂರಿ ಇಳಕಲ್ ಸೀರೆಯ ಸೆರಗು ಹೊದ್ದು, ಹಿತ್ತಾಳೆಯ ತಾಟಿನಲ್ಲಿ ಚಹಾ ತಂದಿಟ್ಟು ಚಾಪೆಯ ಮೇಲೆ ಕುಳಿತಳು. ಗೌರಕ್ಕ ಹೆಸರು ಕೇಳಿದಳು, ಅಡುಗೆ ಕೇಳಿದಳು, ಕೈ ಹಿಡಿದು ಬೆರಳು ನೋಡಿದಳು. ಆಮೇಲೆ, "ಹೆಳಲ ತೋರಸವಾ. ಈಗಿನ ಹುಡುಗ್ಯಾರು ಚೌರಿಗೂದ್ಲಾ ಕೂಡಿಸಿ ಮಾರುದ್ದ ಮಾಡತಾರ," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ಅವ್ವನ ಬಳೆ ಸದ್ದಾಯಿತು.

ಕಸ್ತೂರಿ ಸೆರಗು ಇಳಿಸಿದಳು. ಹೆಳಲನ್ನು ಮುಂದೆ ತಂದು, ತುದಿಯ ದಾರ ಬಿಚ್ಚಿ, ಒಂದೊಂದೇ ತಿರುವನ್ನು ಬಿಡಿಸುತ್ತ ಹೋದಳು. ಬೆಳಕಿಂಡಿಯ ಬಿಸಿಲು ಅವಳ ಹೆಗಲ ಮೇಲೆ ಬಿದ್ದಿತ್ತು. ಕಾಕಾ ಕೆಮ್ಮಿ, ಚಹಾದ ಕಪ್ಪನ್ನು ಕೆಳಗಿಟ್ಟ.

"ಯಾವಾಗಿಂದ ಹಿಂಗ?" ಎಂದಳು ಗೌರಕ್ಕ.

"ಎಂಟನೇತ್ತ ಇದ್ದಾಗಿಂದರೀ."

"ಬ್ಯಾನಿ ಗೀನಿ?"

"ಏನಿಲ್ಲರೀ."

"ಬಣ್ಣ ಹಚ್ಚಬಹುದಿತ್ತಲ್ಲ."

"ಹಚ್ಚಬಹುದಿತ್ತರೀ."

ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂದು ಕಸ್ತೂರಿಗೆ ಗೊತ್ತಾಗುತ್ತಿತ್ತು. ನೋಡಲಿ ಎಂದೇ ಬಿಚ್ಚಿದ್ದಳು. ಆದರೆ ನೋಡುವವರು ಹೇಗಿದ್ದಾರೆಂದು ಅವಳಿನ್ನೂ ನೋಡಿರಲಿಲ್ಲ. ಕುತೂಹಲ ತಡೆಯಲಾಗದೆ ತಲೆ ಎತ್ತಿದಳು.

ಮಡಿವಾಳೆಪ್ಪನ ಕಿವಿ ದೊಡ್ಡವು. ಮೂಗು ಬೇಕಾದಷ್ಟಿತ್ತು. ಅಂಗಿ ಅಂಗಡಿಯ ಪೊಟ್ಟಣದಿಂದ ಈಗ ತಾನೇ ಬಿಚ್ಚಿದ್ದು, ಎದೆಯ ಮೇಲೆ ಮಡಿಕೆಯ ಗೆರೆ ಹಾಗೇ ಇದ್ದವು. ಅವಳ ಕೂದಲನ್ನೇ ನೋಡುತ್ತಿದ್ದ ಅವನು ಕತ್ತನ್ನು ಒಂದೇ ಕಡೆ ಓರೆ ಮಾಡಿ ಹಿಡಿದಿದ್ದ. ಯಾಕಿರಬಹುದೆಂದು ದಿಟ್ಟಿಸಿದಳು. ಕಾಲರಿನ ಅಂಚಿನಲ್ಲಿ ಏನೋ ಮಿಂಚಿತು.

"ಕಾಲರಿನ್ಯಾಗ ಟಾಚಣಿ ಐತಿ ನೋಡ್ರಿ," ಎಂದಳು. "ಚುಚ್ಚಾಕತ್ತೈತೇನೋ."

ಅಡುಗೆಮನೆಯಲ್ಲಿ ಅವ್ವ "ಅಯ್ಯೋ" ಎಂದದ್ದು ಎಲ್ಲರಿಗೂ ಕೇಳಿಸಿತು. ಮಡಿವಾಳೆಪ್ಪ ಕೆಂಪಾಗಿ ಕೊರಳು ತಡವಿಕೊಂಡ.

"ಆ ಕಡಿ ಅಲ್ಲರೀ. ಈ ಕಡಿ."

ಅವನು ಎಳೆದ. ಉದ್ದನೆಯ ಗುಂಡುಸೂಜಿ ಹೊರಗೆ ಬಂತು. ಗೌರಕ್ಕ ಅದನ್ನೂ ಅವನನ್ನೂ ನೋಡಿ, "ಮುಂಜಾನಿಂದ ಬಸ್ಸಿನ್ಯಾಗ ಕುತಗಿ ತಿರುವಾಕತ್ತಾನ! ನಾ ಸಂಕೋಚ ಅಂತ ತಿಳದಿದ್ದೆ. ಬಾಯಿ ಇಲ್ಲೇನೋ ನಿನಗ?" ಎಂದು ನಗತೊಡಗಿದಳು. ಕಾಕಾ ಕೂಡ ಮೀಸೆಯೊಳಗೆ ನಕ್ಕ.

"ಹೊಸ ಅಂಗೀರೀ. ಹಂಗs ಇರ್ತೈತಿ ಅಂತ ಮಾಡಿದ್ದೆ," ಎಂದ ಅವನು. ಅದು ಅವನು ಆಡಿದ ಮೊದಲ ಮಾತು.

ನಗೆ ಇಳಿದ ಮೇಲೆ ಗೌರಕ್ಕ ಕಸ್ತೂರಿಯ ಕೂದಲನ್ನು ಇನ್ನೊಮ್ಮೆ ನೋಡಿದಳು, ಈ ಸಲ ಅವಸರವಿಲ್ಲದೆ. "ಚಹಾ ಆರೇತಿ," ಎಂದಳು. "ಬಿಸಿ ಮಾಡ್ಕೊಂಡ ಬಾರವಾ. ಬಸ್ಸಿಗೆ ಇನ್ನೂ ಹೊತ್ತೈತಿ."

ಕಸ್ತೂರಿ ಕಪ್ಪುಗಳನ್ನು ತಾಟಿಗೆ ಎತ್ತಿಕೊಂಡಳು. ಮಡಿವಾಳೆಪ್ಪ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದ. ಎಲ್ಲರೂ ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ನೆಲಕ್ಕೆ ಹಾಕುವಂತಿರಲಿಲ್ಲ. ಅವಳು ಅವನ ಮುಂದೆ ತಾಟು ಹಿಡಿದಳು. ಹಿತ್ತಾಳೆಯ ಮೇಲೆ ಸೂಜಿ ಟಿಣ್ ಎಂದು ಬಿತ್ತು. ಹೆಜ್ಜೆ ಇಟ್ಟಂತೆಲ್ಲ ಅದು ಕಪ್ಪುಗಳ ನಡುವೆ ಅತ್ತ ಇತ್ತ ಉರುಳುತ್ತಿತ್ತು. ಎರಡೂ ಕೈಯಲ್ಲಿ ತಾಟು ಇದ್ದುದರಿಂದ ಮುಖದ ಮೇಲೆ ಬಂದ ಕೂದಲನ್ನು ಸರಿಸಲಾಗದೆ, ಕಸ್ತೂರಿ ಅದನ್ನು ಉಫ್ ಎಂದು ಊದಿಕೊಳ್ಳುತ್ತ ಒಳಗೆ ನಡೆದಳು.