ನೇಗಿಲು ಅಣ್ಣನಿಗೆ, ನೊಗ ತಮ್ಮನಿಗೆ

ನಾನೊಂದು ಮರದ ನೇಗಿಲು. ಹುಟ್ಟಿದ್ದು ಶಿಂಷಾ ನದಿಯ ಪಕ್ಕದ ಊರೊಂದರ ಹೊಲದ ಬದುವಿನಲ್ಲಿ, ಕರಿಜಾಲಿಯ ಮರವಾಗಿ. ಮರವಾಗಿದ್ದಾಗ ನನಗೆ ಮುಳ್ಳಿನ ಸೊಕ್ಕು ಬಹಳ ಇತ್ತು. ಮೇಕೆಗಳೂ ನನ್ನನ್ನು ಯೋಚಿಸಿಯೇ ಮುಟ್ಟುತ್ತಿದ್ದವು.

ಹೊಲದ ಯಜಮಾನ ಹೊಂಬಾಳಯ್ಯ ಒಂದು ಮಾಗಿಯಲ್ಲಿ ನನ್ನನ್ನು ಕಡಿಸಿದ. ಬಡಗಿ ಸಿದ್ದಾಚಾರಿ ಬಾಚಿ ಹಿಡಿದು ಹದಿನೈದು ದಿನ ನನ್ನನ್ನು ಕೆತ್ತಿದ. ನನ್ನ ಸೊಕ್ಕೆಲ್ಲ ಚಕ್ಕೆಯಾಗಿ ಅವನ ಹೆಂಡತಿಯ ಒಲೆ ಸೇರಿತು. ಉಳಿದದ್ದು ಒಂದು ಬಾಗಿದ ಮೈ, ಮುಂದೆ ಎತ್ತುಗಳ ನಡುವೆ ಚಾಚುವ ಉದ್ದನೆಯ ಈಸು, ಹಿಂದೆ ಕೈ ಹಿಡಿಯಲು ಮೇಣಿ, ಕೆಳಗೆ ನೆಲ ಸೀಳಲು ಕಬ್ಬಿಣದ ಗುಳ. ಎತ್ತಿನ ಹೆಗಲಿಗೆ ಹಗುರಾಗಿರಲಿ ಎಂದು ನೊಗವನ್ನು ಅವನು ಹೆಬ್ಬೇವಿನಲ್ಲಿ ಮಾಡಿದ. ನಮ್ಮಿಬ್ಬರನ್ನೂ ಒಟ್ಟಿಗೆ ಒಪ್ಪಿಸುವಾಗ ಹೊಂಬಾಳಯ್ಯನಿಗೆ ಒಂದು ಮಾತು ಹೇಳಿದ: "ನೊಗ ಇಲ್ದಿದ್ರೆ ನೇಗ್ಲು ಬರೀ ಕೊರಡು. ನೇಗ್ಲು ಇಲ್ದಿದ್ರೆ ನೊಗ ಬರೀ ಕೋಲು. ನೆಪ್ಪಿರ್ಲಿ ಕಣಪ್ಪ."

ಹೊಂಬಾಳಯ್ಯ ಆ ಮಾತನ್ನು ನೆನಪಿಟ್ಟುಕೊಂಡ. ನಾನು ಮರೆತೆ. ಮೂವತ್ತು ವರ್ಷ ಜೊತೆಯಲ್ಲಿ ದುಡಿದೆವಲ್ಲ, ಜೊತೆಯಲ್ಲಿದ್ದುದನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ? ರಾಗಿ, ಅವರೆ, ಹುಚ್ಚೆಳ್ಳು ಬೆಳೆದ ಆ ಹೊಲದಲ್ಲಿ ನನಗೆ ಗೊತ್ತಿಲ್ಲದ ಕಲ್ಲಿರಲಿಲ್ಲ. ನನ್ನ ಮೇಣಿ ಹಿಡಿದೇ ಹೊಂಬಾಳಯ್ಯನ ಮಕ್ಕಳು ಉಳುವುದನ್ನು ಕಲಿತರು. ದೊಡ್ಡವನು ಜವರಯ್ಯ ಮೇಣಿಯನ್ನು ಅದುಮಿ ಹಿಡಿಯುವವನು, ಅವನ ಸಾಲು ಆಳ. ಚಿಕ್ಕವನು ಮುದ್ದಯ್ಯ ಮೆಲ್ಲಗೆ ಹಿಡಿಯುವವನು, ಅವನ ಸಾಲು ನೇರ. ಇಬ್ಬರೂ ಮಾತು ಕಮ್ಮಿ, ಹಟ ಜಾಸ್ತಿ. ಅದರಲ್ಲಿ ಮಾತ್ರ ಸರಿಸಮ.

ಇಬ್ಬರಿಗೂ ಮದುವೆಯಾಗಿ, ಮನೆಯಲ್ಲಿ ಎರಡು ಒಲೆ ಹೊತ್ತಿಕೊಂಡವು. ಊರ ಹಿರಿಯರು ಜಗಲಿಯ ಮೇಲೆ ಕೂತು ಪಾಲು ಮಾಡಿದರು. ಹೊಲ, ಹಸು, ಹಂಡೆ, ಒರಳು ಎಲ್ಲಾ ಹಂಚಿ ಮುಗಿಯಿತು. ಕೊನೆಗೆ ಗೋಡೆಗೆ ಒರಗಿಕೊಂಡಿದ್ದ ನಾವಿಬ್ಬರು ಉಳಿದೆವು. ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಹೊಂಬಾಳಯ್ಯ ಹೇಳಿದ: "ನೇಗ್ಲು ದೊಡ್ಡವ್ನಿಗೆ. ನೊಗ ಚಿಕ್ಕವ್ನಿಗೆ."

ಜನ ನಕ್ಕರು. ಒಂದು ಅಂಗಿಯನ್ನು ಹರಿದು ತೋಳು ನಿನಗೆ, ಮೈ ಅವನಿಗೆ ಎಂದ ಹಾಗಾಯಿತು. ಜವರಯ್ಯ ಮಾತ್ರ ನಗಲಿಲ್ಲ. "ಅಪ್ಪಂಗೆ ಮತಿ ಕೆಟ್ಟದೆ" ಎಂದ, ಎಲ್ಲರ ಎದುರಿಗೇ. ಹೊಂಬಾಳಯ್ಯ ತಲೆ ತಗ್ಗಿಸಿಕೊಂಡ. ಯಾಕೆ ಹಾಗೆ ಹಂಚಿದೆ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮೂರು ತಿಂಗಳಿಗೆ ಅವನು ತೀರಿಕೊಂಡ.

ಆ ವರ್ಷದ ಯುಗಾದಿ ಬಂತು. ನಮ್ಮ ಕಡೆ ಯುಗಾದಿಯ ದಿನ ಹೊನ್ನಾರು ಕಟ್ಟುತ್ತಾರೆ. ಎಂದರೆ, ಎತ್ತುಗಳಿಗೆ ಹೂ ಮುಡಿಸಿ, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಆ ಸಾಲು ಬಿದ್ದ ಮೇಲೆಯೇ ಮಿಕ್ಕ ಉಳುಮೆ. ನೊಗ ಕೇಳಲು ಅಣ್ಣ ಬರುತ್ತಾನೆ ಎಂದು ತಮ್ಮ ಕಾದ. ನೇಗಿಲು ಕೇಳಲು ತಮ್ಮ ಬರಲಿ ಎಂದು ಅಣ್ಣ ಕಾದ. ಕೇಳುವುದೆಂದರೆ ಸೋಲುವುದು ಎಂದು ಇಬ್ಬರೂ ತಿಳಿದಿದ್ದರು. ಹಬ್ಬದ ಹಿಂದಿನ ದಿನ ಜವರಯ್ಯ ಸಿದ್ದಾಚಾರಿಯ ಮನೆಗೆ ಹೋಗಿ ಹೊಸ ನೊಗ ಹೊತ್ತು ತಂದ.

ಮುದ್ದಯ್ಯ ಅದನ್ನು ಬೀದಿಯಲ್ಲಿ ಕಂಡ. "ಅಪ್ಪನ ನೊಗ ಬ್ಯಾಡವಾಯ್ತೇನೋ" ಎಂದಷ್ಟೇ ಅಂದು ಒಳಗೆ ಹೋದ. ಅವನೂ ಬೇರೆ ನೇಗಿಲು ಮಾಡಿಸಿಕೊಂಡ. ಅಲ್ಲಿಂದ ಹತ್ತೊಂಬತ್ತು ವರ್ಷ ಅಣ್ಣ ತಮ್ಮನ ಬಾಗಿಲು ತುಳಿಯಲಿಲ್ಲ, ತಮ್ಮ ಅಣ್ಣನ ಬಾಗಿಲು ತುಳಿಯಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ.

ಹೊಸ ನೊಗದ ಜೊತೆ ನಾನು ಎಂಟು ವರ್ಷ ಉತ್ತೆ. ಅದು ಕೆಟ್ಟದ್ದೇನಲ್ಲ, ಆದರೆ ನನ್ನ ಈಸು ಅದರ ಮೇಲೆ ಎಂದೂ ಸರಿಯಾಗಿ ಕೂರಲಿಲ್ಲ. ಆಮೇಲೆ ಊರಿಗೆ ಟ್ರ್ಯಾಕ್ಟರ್ ಬಂತು. ಎತ್ತುಗಳು ಹೋದವು. ಹೊಸ ನೊಗಕ್ಕೆ ಗೆದ್ದಲು ಹಿಡಿದು ಅದು ನೀರೊಲೆಗೆ ಹೋಯಿತು. ಪಕ್ಕದ ಮನೆಯಲ್ಲಿ ಮುದ್ದಯ್ಯನ ನೇಗಿಲೂ ಹಾಗೆಯೇ ಬೂದಿಯಾಯಿತಂತೆ. ನನ್ನನ್ನು ಅಟ್ಟಕ್ಕೆ ಏರಿಸಿದರು. ಹುರುಳಿ ಮೂಟೆಗಳ ಹಿಂದೆ, ಇಲಿಗಳ ಜೊತೆ ಹನ್ನೊಂದು ವರ್ಷ ಬಿದ್ದಿದ್ದೆ. ಸುಳ್ಳು ಯಾಕೆ ಹೇಳಲಿ? ಆಗ ನಾನು ಹೊಂಬಾಳಯ್ಯನನ್ನು ದಿನವೂ ಬೈದುಕೊಳ್ಳುತ್ತಿದ್ದೆ. ಆ ಮುದುಕ ನನ್ನನ್ನು ಕೊರಡು ಮಾಡಿ ಹೋದ ಎಂದು ನನಗೆ ಕಹಿಯಾಗಿತ್ತು.

ಹನ್ನೊಂದನೆಯ ವರ್ಷದ ಯುಗಾದಿಗೆ, ಊರಿನ ಮೊದಲ ಸಾಲು ಯಾರು ಹೊಡೆಯಬೇಕೆಂದು ಪಂಚಾಂಗ ನೋಡಿದಾಗ ಹೊನ್ನಾರು ಮುದ್ದಯ್ಯನ ಹೆಸರಿಗೆ ಬಂತು. ಊರಲ್ಲಿ ಎತ್ತು ಉಳಿದಿದ್ದದ್ದು ಗಾಡಿ ಹೊಡೆಯುವ ಬಸವಣ್ಣನ ಮನೆಯಲ್ಲಿ ಮಾತ್ರ. ಮರದ ನೇಗಿಲೆಂದರೆ ನಾನೊಬ್ಬನೇ. ನೊಗವೂ ಒಂದೇ, ಮುದ್ದಯ್ಯನ ಕೊಟ್ಟಿಗೆಯ ಜಂತೆಯಲ್ಲಿ. ಟ್ರ್ಯಾಕ್ಟರಿಗೇ ಹೂ ಮುಡಿಸಿದರಾಯಿತು ಎಂದು ಕೆಲವರು ಅಂದರಂತೆ. "ನೊಗ ಹೂಡಕ್ಕೆ ಅದಕ್ಕೆ ಹೆಗ್ಲು ಎಲ್ಲದೆ?" ಎಂದು ಬಸವಣ್ಣ ಗದರಿಸಿದನಂತೆ. ಇಷ್ಟನ್ನೂ ಜವರಯ್ಯನ ಹೆಂಡತಿ ಸಾಕವ್ವ ಗಂಡನಿಗೆ ಹೇಳುತ್ತಿದ್ದುದನ್ನು ಅಟ್ಟದಿಂದ ಕೇಳಿಸಿಕೊಂಡೆ.

ಯುಗಾದಿಯ ಬೆಳಗ್ಗೆ ಎಣ್ಣೆನೀರು ಮುಗಿಸಿ ಸಾಕವ್ವ ಬಾಗಿಲಿಗೆ ಮಾವಿನೆಲೆ ಸಿಕ್ಕಿಸಲು ಹೋದವಳು ಹಾಗೆಯೇ ಒಳಗೆ ಬಂದಳು.

"ಜಗ್ಲಿ ಮ್ಯಾಲೆ ನಿಮ್ ತಮ್ಮ ಬಂದು ಕುಂತವ್ನೆ. ನೊಗ ತಂದವ್ನೆ."

"ಏನಂತೆ?"

"ನನ್ನೇನೂ ಕೇಳ್ನಿಲ್ಲ. ನಿಮ್ಮನ್ನೇ ಕೇಳ್ಬೇಕಂತೆ."

ಜವರಯ್ಯ ಬಾಗಿಲಿಗೆ ಬಂದ. ಹೊರಗೆ ಹೊಂಗೆಯ ಮರದಲ್ಲಿ ಕೋಗಿಲೆ ತನ್ನ ಪಾಡಿಗೆ ಕೂಗುತ್ತಿತ್ತು. ಕೊನೆಗೆ ಮುದ್ದಯ್ಯನ ದನಿ ಕೇಳಿಸಿತು.

"ಅಣ್ಣಯ್ಯ, ನೇಗ್ಲು ಬೇಕಿತ್ತು."

ಮೂರೇ ಮಾತು. ಅಷ್ಟಕ್ಕೆ ಹತ್ತೊಂಬತ್ತು ವರ್ಷ ಬೇಕಾಯಿತು.

"ಗುಳ ತುಕ್ಕು ಹಿಡ್ದದೆ," ಎಂದ ಜವರಯ್ಯ. "ತಡಿ, ಉಜ್ಜಿ ಕೊಡ್ತೀನಿ."

ಅರವತ್ತು ದಾಟಿದವನು, ತಾನೇ ಏಣಿ ಹತ್ತಿ ನನ್ನನ್ನು ಇಳಿಸಿದ. ಜಗಲಿಯ ಮೇಲೆ ಕೂತು ಇಟ್ಟಿಗೆ ಚೂರಿನಿಂದ ಗುಳ ಉಜ್ಜಿದ. ಮುದ್ದಯ್ಯ ನನ್ನ ಮೈಗೆ ಹರಳೆಣ್ಣೆ ಸವರಿದ.

ಹೊಲದಲ್ಲಿ ನನ್ನ ಈಸನ್ನು ಹಳೆಯ ನೊಗಕ್ಕೆ ಇಟ್ಟಾಗ ಅದು ತನ್ನ ಹಳೆಯ ಗುಳಿಯಲ್ಲಿ ತಾನಾಗಿ ಕೂತಿತು. ನನಗೆ ಅಳು ಬರುವ ಹಾಗಿದ್ದರೆ ಆಗ ಅತ್ತುಬಿಡುತ್ತಿದ್ದೆ. ಮುದ್ದಯ್ಯ ಮೇಣಿ ಹಿಡಿದ, ಜವರಯ್ಯ ಮುಂದೆ ನಿಂತು ಎತ್ತಿನ ಹಗ್ಗ ಹಿಡಿದ. ನಾಲ್ಕು ದಿನದ ಹಿಂದೆ ಒಂದು ಹದ ಮಳೆ ಬಿದ್ದಿತ್ತು. ನೆಲ ನನಗೆ ದಾರಿ ಬಿಟ್ಟುಕೊಟ್ಟಿತು. ಮೂರು ಸುತ್ತು, ಅಷ್ಟೇ. ಸಾಲು ನೇರವಾಗಿತ್ತು. "ಇನ್ನೂ ವಸಿ ಅದುಮ್ಬೇಕಿತ್ತು" ಎಂದ ಜವರಯ್ಯ. ತಮ್ಮ ನಕ್ಕ.

ಆಮೇಲೆ ಇಡೀ ದಿನ ವಿಶೇಷವಾದದ್ದೇನೂ ನಡೆಯಲಿಲ್ಲ. ಅದನ್ನೇ ನಾನು ಹೇಳಬೇಕೆಂದಿರುವುದು. ಎತ್ತುಗಳು ಮೇಯುತ್ತಿದ್ದವು. ಸಾಕವ್ವ ಬೇವು ಬೆಲ್ಲ ತಂದು ಇಬ್ಬರ ಕೈಗೂ ಹಾಕಿದಳು, ಆಮೇಲೆ ಒಬ್ಬಟ್ಟು ಬಡಿಸಿದಳು. ಹೊಂಗೆಯ ಹೊಸ ಚಿಗುರಿನ ಕೆಳಗೆ ಅಣ್ಣತಮ್ಮಂದಿರು ಟವೆಲ್ ಹಾಸಿ ಮಲಗಿದರು. ಮುದ್ದಯ್ಯ ನನ್ನ ಈಸಿನ ಮೇಲೆ ತಲೆಯಿಟ್ಟುಕೊಂಡ. ಪಕ್ಕದ ಬೇವಿನ ಮರದ ಹೂ ಗಾಳಿಗೆ ಉದುರಿ ಅವರ ಮೇಲೂ ನನ್ನ ಮೇಲೂ ಬೀಳುತ್ತಿತ್ತು. ಗುಳಕ್ಕೆ ಮೆತ್ತಿದ ಮಣ್ಣು ಮೆಲ್ಲಗೆ ಒಣಗುತ್ತಿತ್ತು. ಮೂವತ್ತು ವರ್ಷ ಎಕರೆಗಟ್ಟಲೆ ಉತ್ತಾಗ ಸಿಗದ ತೃಪ್ತಿ ನನಗೆ ಆ ಮೂರು ಸುತ್ತಿನಲ್ಲಿ ಸಿಕ್ಕಿತು. ಆಗ ನಾನು ಇನ್ನೂ ಎಷ್ಟು ಉಳಬೇಕು ಎಂದೇ ನೋಡುತ್ತಿದ್ದೆ. ಆ ದಿನ, ಉತ್ತದ್ದನ್ನು ನೋಡುತ್ತ ಬಿದ್ದುಕೊಂಡಿದ್ದೆ.

ಬಿಸಿಲು ಇಳಿಯಿತು. ಎತ್ತು ಬಿಟ್ಟು ಹಗ್ಗ ಸುತ್ತುವಾಗ ಮುದ್ದಯ್ಯ ಹೇಳಿದ: "ಎರಡ್ನೂ ನಿನ್ ಅಟ್ಟದಲ್ಲೇ ಮಡೀಕೊ ಅಣ್ಣಯ್ಯ. ಇನ್ಮ್ಯಾಲೆ ಒಂದಾಗೇ ಇರ್ಲಿ."

ನನಗೂ ಅದೇ ಆಸೆ. ಜವರಯ್ಯ ಮಾತ್ರ ಹೊಸ ಸಾಲಿನ ಕಡೆ ನೋಡುತ್ತ ನಿಂತ. ಅವನ ಕಣ್ಣು ತುಂಬಿಕೊಂಡಿತು.

"ಬ್ಯಾಡ ಕಣ್ಲಾ," ಎಂದ. "ಎರಡೂ ಒಂದೇ ಮನೇಲಿದ್ರೆ ಯಾರೂ ಯಾರ ಬಾಗ್ಲಿಗೂ ಬರಾಕಿಲ್ಲ. ಅಪ್ಪಂಗೆ ಗೊತ್ತಿತ್ತು. ಮತಿ ಕೆಟ್ಟದೆ ಅಂದ್ನಲ್ಲಾ, ನಾನು!" ಟವೆಲಿನಿಂದ ಮುಖ ಒರೆಸಿಕೊಂಡು ನೊಗವನ್ನು ತನ್ನ ಹೆಗಲಿಗೆ ಏರಿಸಿದ. "ಈ ಸಲ ನೀ ಬಂದೆ. ನೇಗ್ಲು ನೀ ತಕ್ಕೊಂಡೋಗು. ಬರೋ ವರ್ಷ ನಾ ಬತ್ತೀನಿ."

ಹೀಗೆ ನಾನು ಗೋಡೆಯ ಈಚೆಗೆ ಬಂದೆ. ಅಂದಿನಿಂದ ಹೊನ್ನಾರು ಯಾರ ಹೆಸರಿಗೆ ಬಂದರೂ ನೇಗಿಲು ನಾನೇ, ನೊಗ ಅದೇ. ಪ್ರತಿ ಯುಗಾದಿಯ ಸಂಜೆ ಮನೆ ಬದಲಾಯಿಸುತ್ತೇವೆ; ನೊಗ ಹೊತ್ತು ನನ್ನನ್ನು ಕೇಳಲು ಬರುವುದು ಒಮ್ಮೆ ಅಣ್ಣನ ಸರದಿ, ಒಮ್ಮೆ ತಮ್ಮನದು. ವರ್ಷದಲ್ಲಿ ಒಂದು ದಿನ ಕೆಲಸ, ಉಳಿದ ದಿನ ಅಟ್ಟ. ಈಗ ನಾನು ಯಾರನ್ನೂ ಬೈಯುವುದಿಲ್ಲ. ನನ್ನ ಮೈಯಲ್ಲಿ ಬಿರುಕು ಬಿಟ್ಟಿದೆ, ಇನ್ನೆಷ್ಟು ಯುಗಾದಿ ತಡೆಯುತ್ತೇನೋ ತಿಳಿಯದು.

ಇಂದು ಯುಗಾದಿ. ಈ ವರ್ಷ ಜವರಯ್ಯನ ಸರದಿ. ಅವನಿಗೆ ಮಂಡಿ ಹಿಡಿದುಕೊಂಡಿದೆ, ಊರುಗೋಲಿಲ್ಲದೆ ನಡೆಯಲಾರ. ಅಣ್ಣನ ಮನೆಗೆ ತಾನೇ ಹೋಗಿ ನೊಗ ತರಲೆಂದು ಮುದ್ದಯ್ಯ ಬೆಳಗಿನಿಂದ ನಾಲ್ಕು ಸಲ ಹೊಸ್ತಿಲವರೆಗೆ ಹೋದ, ನಾಲ್ಕು ಸಲವೂ ಹಿಂದಕ್ಕೆ ಬಂದು ಕೂತ. ಈಗ ಬೀದಿಯಲ್ಲಿ ಊರುಗೋಲಿನ ಸದ್ದು ಕೇಳಿಸುತ್ತಿದೆ. ಜಗಲಿಯ ಹತ್ತಿರ ನಿಂತಿತು. ಒಬ್ಬ ಮುದುಕ ಏದುಸಿರು ಬಿಡುತ್ತಿದ್ದಾನೆ. ನೊಗವನ್ನು ಕಂಬಕ್ಕೆ ಒರಗಿಸಿದ ಸದ್ದೂ ಆಯಿತು.

"ಮುದ್ದಾ," ಎನ್ನುತ್ತಿದ್ದಾನೆ, "ನೇಗ್ಲು ಬೇಕಿತ್ತು ಕಣ್ಲಾ."