ಹದಿನಾಲ್ಕನೇ ನಂಬರಿನ ಹಾಜರಿ

ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದಾಗ ಅಲ್ಲಿನ ಮೇಜು ಕುರ್ಚಿಗಳೆಲ್ಲ ಗುಜರಿಗೆ ಹೋದವು. ಇಪ್ಪತ್ತೆಂಟು ವರ್ಷ ಅಲ್ಲಿ ಆಪರೇಟರ್ ಆಗಿದ್ದ ಹಲೋ ಅಕ್ಕ ಮಾತ್ರ ಮನೆಗೆ ಹೋದಳು. ಹಲೋ ಅಕ್ಕ ಎನ್ನುವುದು ಊರಿನವರು ಇಟ್ಟ ಹೆಸರು. ಕೆಲಸ ಹೋದರೂ ಅವಳ ಎರಡು ಗುಣ ಹೋಗಲಿಲ್ಲ. ಒಮ್ಮೆ ಕಿವಿಗೆ ಬಿದ್ದ ನಂಬರನ್ನು ಅವಳು ಮರೆಯುತ್ತಿರಲಿಲ್ಲ. ಇಬ್ಬರು ಮಾತಾಡುತ್ತಿದ್ದರೆ ನಡುವೆ ಕಿವಿಯಿಡದೆ ಇರಲು ಅವಳಿಂದ ಆಗುತ್ತಿರಲಿಲ್ಲ.

ಗುಡ್ಡದ ಮೇಲಿನ ಬಡಾವಣೆಗೆ ಹೋಗುತ್ತಿದ್ದುದು ಹದಿನಾಲ್ಕನೇ ನಂಬರಿನ ಬಸ್ಸು ಒಂದೇ. ಆಸ್ಪತ್ರೆಯ ಆಯಾಗಳು, ಇಸ್ತ್ರಿ ಬಟ್ಟೆಯ ಗಂಟು ಹೊರುವವರು, ಮಂಡಿನೋವಿನ ಮುದುಕಿಯರು ಎಲ್ಲರೂ ಅದನ್ನೇ ನಂಬಿದ್ದರು. ನಗರಸಭೆಯ ಸಾರಿಗೆ ಸಾಹೇಬರು ಒಂದು ದಿನ, "ಈ ಬಸ್ಸಿಗೆ ದಿನಕ್ಕೆ ಹನ್ನೊಂದೇ ಜನ" ಎಂದು ಬರೆದು, ಆರು ಸಲ ಬರುತ್ತಿದ್ದ ಬಸ್ಸನ್ನು ಒಂದು ಸಲಕ್ಕೆ ಇಳಿಸಿದರು. ಎರಡು ತಿಂಗಳಾದ ಮೇಲೆ ಆ ಒಂದೂ ಇಲ್ಲವೆಂದರು. ಹನ್ನೊಂದು ಜನರನ್ನು ಯಾರು, ಯಾವಾಗ, ಎಲ್ಲಿ ನಿಂತು ಎಣಿಸಿದರೋ ದೇವರೇ ಬಲ್ಲ.

ಜನ ಸುಮ್ಮನಿರಲಿಲ್ಲ. ಬಡಾವಣೆಯ ಟೈಲರ್ ಮುಂದಾಳಾದ. ಅವನ ಅಂಗಡಿಯ ಹಿಂದಿನ ಕೋಣೆಯೇ ಹೋರಾಟದ ಕಚೇರಿಯಾಯಿತು. ಮೊದಲ ಸಭೆಯಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಕೂಗಿದ ಮೇಲೆ, ಮೂಲೆಯಲ್ಲಿ ಕತ್ತರಿಸಿದ ಬಟ್ಟೆಗಳ ಗುಡ್ಡೆಯ ಮೇಲೆ ಕುಳಿತಿದ್ದ ಹಲೋ ಅಕ್ಕ ಕೇಳಿದಳು.

"ಕೂಗಿದ್ದು ಸಾಕು. ಅವರು ಹನ್ನೊಂದು ಅಂತಾರೆ. ನಾವು ಎಷ್ಟು ಅಂತೀವಿ?"

ಒಬ್ಬರು ಐವತ್ತು ಎಂದರು, ಇನ್ನೊಬ್ಬರು ಐನೂರು ಎಂದರು.

"ಹಾಗಾದ್ರೆ ಎಣಿಸೋಣ," ಎಂದಳು. "ನನಗೆ ಒಂದು ಹಳೇ ಕಂಪ್ಯೂಟರು, ಒಂದು ಸಿಮ್ಮು, ಈ ಕೋಣೇಲಿ ಒಂದು ಪ್ಲಗ್ಗು ಕೊಡಿ."

ಪ್ಲಗ್ಗಿಗಾಗಿ ಇಸ್ತ್ರಿಪೆಟ್ಟಿಗೆಗೂ ಕಂಪ್ಯೂಟರಿಗೂ ನಾಲ್ಕು ದಿನ ಜಗಳ ನಡೆಯಿತು. ಐದನೇ ದಿನ ಕೆಲಸ ಶುರುವಾಯಿತು. ಉಪಾಯ ಸರಳವಾಗಿತ್ತು. ಪ್ರತಿ ನಿಲ್ದಾಣದ ಕಂಬಕ್ಕೂ ಒಂದು ಫೋನ್ ನಂಬರಿನ ಹಲಗೆ ಕಟ್ಟಿದರು. ಬಸ್ಸಿಗೆ ಕಾದು ನಿಂತವರು ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು. ಕಂಪ್ಯೂಟರು ಕರೆಯನ್ನು ಕತ್ತರಿಸಿ, ನಂಬರನ್ನೂ ಸಮಯವನ್ನೂ ಬರೆದುಕೊಂಡು, "ನಿಮ್ಮ ಹಾಜರಿ ಬಿತ್ತು" ಎಂದು ಮೆಸೇಜು ಕಳಿಸುತ್ತಿತ್ತು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಹಲೋ ಅಕ್ಕ ತಾನೇ ಬರೆದಳು. ಎಕ್ಸ್‌ಚೇಂಜ್ ಮುಚ್ಚುವ ಮುಂಚೆ ಅಲ್ಲಿ ಕೊಟ್ಟ ಕಂಪ್ಯೂಟರ್ ತರಬೇತಿಯಲ್ಲಿ ಉಳಿದವರೆಲ್ಲ ಆಕಳಿಸುತ್ತಿದ್ದಾಗ ಇವಳೊಬ್ಬಳೇ ಟಿಪ್ಪಣಿ ಮಾಡಿಕೊಂಡಿದ್ದಳು.

ಜೊತೆಗೆ ಫೋನಿನಲ್ಲಿ ಒಂದು ಗುಂಪನ್ನೂ ಮಾಡಿದಳು. ಅದಕ್ಕೆ ಬೀಳುತ್ತಿದ್ದ ಮೆಸೇಜುಗಳು ಹೀಗಿದ್ದವು: "ಬಸ್ ಬಂತಾ?" "ಇಲ್ಲ." "ಸಾಯ್ಲಿ." ಎರಡನೇ ವಾರ 'ಹಿತೈಷಿ' ಎಂಬ ಹೆಸರಿನವರೊಬ್ಬರು ಗುಂಪಿಗೆ ಸೇರಿ ಬರೆದರು:

"ಸದರಿ ಬಸ್ಸು ಬಾರದಿರುವುದರಿಂದ ಸಾರ್ವಜನಿಕರಿಗೆ ತೊಂದರೆಯಾಗಿರುವುದು ಸರಿಯಷ್ಟೆ. ಮೇಲ್ಕಂಡ ಹೋರಾಟಕ್ಕೆ ನನ್ನ ಬೆಂಬಲವಿರುತ್ತದೆ. ಮುಂದಿನ ಕಾರ್ಯಕ್ರಮದ ವಿವರ ತಿಳಿಸುವುದು."

ಹಲೋ ಅಕ್ಕ ಚಹಾದ ಲೋಟ ಕೆಳಗಿಟ್ಟಳು. ಈ ಭೂಮಿಯ ಮೇಲೆ 'ಸದರಿ' ಇಲ್ಲದೆ ಉಸಿರಾಡಲಾರದ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಒಬ್ಬರೇ. ಅವರು ಅವಳ ಭಾವ, ಸ್ವಂತ ಅಕ್ಕನ ಗಂಡ. ನಗರಸಭೆಯ ಸಾರಿಗೆ ವಿಭಾಗದಲ್ಲಿ ಗುಮಾಸ್ತರು. ಮೂವತ್ನಾಲ್ಕು ವರ್ಷ ತಲೆಯೆತ್ತದೆ ದುಡಿದವರು, ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಸಾಹೇಬರು "ಹೂಂ" ಎಂದರೆ ಹೂಂ, "ಉಹೂಂ" ಎಂದರೆ ಉಹೂಂ. ಅಂಥವರನ್ನು ಗುಂಪಿನ ಗುಟ್ಟು ತಿಳಿಯಲು ಸಾಹೇಬರೇ ಬಿಟ್ಟಿರಬೇಕು.

ಟೈಲರಿಗೆ ಹೇಳಿದಳು. ಅವನು ಸಿಡುಕಿದ. "ಗೂಢಚಾರನಾ? ಈಗ್ಲೇ ಕಿತ್ತು ಹಾಕಿ ಅಕ್ಕ!"

"ಸುಮ್ನಿರೋ. ಬಿಟ್ಟಿ ಸಿಕ್ಕಿದ ಗುಮಾಸ್ತರನ್ನ ಯಾರಾದ್ರೂ ಓಡಿಸ್ತಾರಾ? ನಮ್ಮಲ್ಲಿ ಅರ್ಜಿ ಬರೆಯೋಕೆ ಬರೋರು ಯಾರಿದ್ದಾರೆ ಹೇಳು."

ಅಂದೇ ಅವಳು ಗುಂಪಿನಲ್ಲಿ ಬರೆದಳು: "ಹಿತೈಷಿಯವರೇ, ನಿಮ್ಮ ಭಾಷೆ ಬಹಳ ಚೆನ್ನಾಗಿದೆ. ನಮ್ಮ ಅರ್ಜಿಗಳನ್ನೆಲ್ಲ ಇನ್ನು ಮೇಲೆ ನೀವೇ ಬರೆದುಕೊಡಬೇಕು. ಇಲ್ಲಿ ಕೆಲಸ ಮಾಡದವರನ್ನು ಗುಂಪಿನಲ್ಲಿ ಇಟ್ಟುಕೊಳ್ಳುವುದಿಲ್ಲ."

ರಾತ್ರಿ ಉತ್ತರ ಬಂತು: "ಆಗಬಹುದು."

ಅಲ್ಲಿಂದ ನಡೆದದ್ದನ್ನು ನೆನೆಸಿಕೊಂಡರೆ ಟೈಲರಿಗೆ ಇಂದಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಹಿತೈಷಿ ಅರ್ಜಿ ಬರೆದುಕೊಟ್ಟರು. ಟೈಲರ್ ಅದನ್ನು ನಗರಸಭೆಗೆ ಕೊಟ್ಟ. ಸಾಹೇಬರು ಓದಿ, "ಯಾರೋ ಕಾನೂನು ಬಲ್ಲೋನೇ ಬರೆದಿದ್ದಾನೆ. ಇದಕ್ಕೆ ಗಟ್ಟಿಯಾಗಿ ಉತ್ತರ ಬರೀರಿ" ಎಂದು ಭಾವನ ಮೇಜಿನ ಮೇಲೆ ಎಸೆದರು. ಭಾವ ಗಟ್ಟಿಯಾಗಿ ಉತ್ತರ ಬರೆದರು. ಆ ಉತ್ತರ ಗುಂಪಿಗೆ ಬಂತು. ಹಲೋ ಅಕ್ಕ, "ಹಿತೈಷಿಯವರೇ, ಇವರಿಗೆ ಸರಿಯಾಗಿ ಚುರುಕು ಮುಟ್ಟಿಸಿ" ಎಂದಳು. ಹಿತೈಷಿ ಮುಟ್ಟಿಸಿದರು. ಮೂರು ವಾರ ಆ ಮನುಷ್ಯ ತನ್ನ ಕಾಗದಕ್ಕೆ ತಾನೇ ಉತ್ತರ ಬರೆಯುತ್ತ, ಆ ಉತ್ತರವನ್ನು ತಾನೇ ಖಂಡಿಸುತ್ತ ಕುಳಿತರು. ಬರಬರುತ್ತ ಅರ್ಜಿಗಳು ಕೊಬ್ಬಿದವು, ಉತ್ತರಗಳು ಸೊರಗಿದವು. ಐದನೇ ಅರ್ಜಿಯಲ್ಲಿ ಹಿತೈಷಿ, ಸಾರ್ವಜನಿಕ ವಿಚಾರಣೆ ನಡೆಸದೆ ಬಸ್ಸು ನಿಲ್ಲಿಸಲು ನಗರಸಭೆಗೆ ಅಧಿಕಾರವೇ ಇಲ್ಲವೆಂಬ ನಿಯಮವನ್ನು ಎಲ್ಲಿಂದಲೋ ಹುಡುಕಿ ತೆಗೆದರು. ಉತ್ತರದಲ್ಲಿ ಭಾವ ಅದನ್ನು ಒಪ್ಪಿಕೊಂಡರು. ವಿಚಾರಣೆಗೆ ದಿನ ಗೊತ್ತಾಯಿತು.

ಹಲೋ ಅಕ್ಕ ಇದನ್ನೆಲ್ಲ ತನ್ನ ಜಾಣತನವೆಂದೇ ಬಗೆದು ಬೀಗುತ್ತಿದ್ದಳು.

ವಿಚಾರಣೆಗೆ ಆರು ದಿನವಿದ್ದಾಗ, ಬೆಳಗಿನ ಹಾಜರಿ ಪಟ್ಟಿ ನೋಡುತ್ತಿದ್ದವಳ ಕೈ ನಿಂತಿತು. ಒಂದೇ ನಂಬರಿನಿಂದ ಹಿಂದಿನ ದಿನ ಎಪ್ಪತ್ತೊಂದು ಕರೆ. ಅದರ ಹಿಂದಿನ ದಿನ ಅರವತ್ತನಾಲ್ಕು. ಎಲ್ಲವೂ ಕಚೇರಿಯ ಊಟದ ಹೊತ್ತಿನಲ್ಲೇ. ಲೆಕ್ಕ ಕೆಡಿಸುವ ಹುನ್ನಾರ ಎಂಬುದು ಎದ್ದು ಕಾಣುತ್ತಿತ್ತು. ಒಬ್ಬರ ನಂಬರನ್ನು ಬಸ್ಸಿನ ಒಂದು ಸರದಿಗೆ ಒಂದೇ ಸಲ ಎಣಿಸುವಂತೆ ಅವಳು ಪ್ರೋಗ್ರಾಮನ್ನು ಮೊದಲೇ ಬರೆದಿದ್ದರಿಂದ ಲೆಕ್ಕವೇನೂ ಕೆಟ್ಟಿರಲಿಲ್ಲ. ಅವಳನ್ನು ತಡೆದು ನಿಲ್ಲಿಸಿದ್ದು ಆ ನಂಬರು. ಅದು ಯಾರದೆಂದು ತಿಳಿಯಲು ಅವಳಿಗೆ ಡೈರೆಕ್ಟರಿ ಬೇಕಿರಲಿಲ್ಲ. ಆ ಸಂಪರ್ಕವನ್ನು ಹತ್ತೊಂಬತ್ತು ವರ್ಷಗಳ ಹಿಂದೆ ಜೋಡಿಸಿಕೊಟ್ಟವಳೇ ಅವಳು. ಸಾರಿಗೆ ಸಾಹೇಬರ ಮೇಜಿನ ಮೇಲಿನ ಫೋನು ಅದು.

"ಸಿಕ್ಕಿಬಿದ್ದ ಕಳ್ಳ!" ಎಂದು ಟೈಲರ್ ಕುಣಿದ. "ವಿಚಾರಣೇಲಿ ಎಲ್ಲರ ಮುಂದೆ ಬಿಚ್ಚಿಬಿಡೋಣ ಅಕ್ಕ!"

"ಸಾಹೇಬ್ರು ತಾವೇ ಕೂತು ಎಪ್ಪತ್ತು ಸಲ ನಂಬರ್ ಒತ್ತುತ್ತಾರೇನೋ? ಒತ್ತಿರೋದು ನಮ್ಮ ಭಾವ. ಹೊರಗೆ ಬಿದ್ರೆ ಸಾಹೇಬ್ರು ಕೈ ಒರೆಸ್ಕೊಂಡು ಹೋಗ್ತಾರೆ, ಮನೆಗೆ ಹೋಗೋದು ಭಾವ. ಇನ್ನೆಂಟು ತಿಂಗಳಿದೆ ಅವರಿಗೆ."

ಅಲ್ಲಿಯವರೆಗೆ ಆಟವಾಗಿದ್ದದ್ದು ಈಗ ಆಟವಾಗಿ ಉಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದಳು. ಭಾವ ಜಗಲಿಯಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು.

"ಬನ್ನಿ, ಕ್ರಾಂತಿಕಾರಿ ನಾದಿನಿಯವರು," ಎಂದರು ತಲೆಯೆತ್ತದೆ. "ಸರ್ಕಾರ ಉರುಳಿತಾ?"

"ಇನ್ನೂ ಇಲ್ಲ. ಭಾವ, ನಿಮ್ಮಾಫೀಸಲ್ಲಿ ಈಗ ಫೋನ್ ಮಾಡೋ ಕೆಲಸ ಜಾಸ್ತಿಯಂತೆ?"

"ಫೋನು ನಿನ್ನ ಇಲಾಖೆ ಕಣಮ್ಮ. ನಮ್ಮದು ಬರೀ ಕಾಗದ."

"ಒಂದೇ ನಂಬರಿಂದ ನಮಗೆ ನೂರಾರು ಕರೆ ಬಂದಿವೆ. ಯಾವ ನಂಬರು ಅಂತ ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾರೆ ಪಾಪ, ಯಾರೋ ಬುದ್ಧಿ ಇಲ್ದೋರು."

ಭಾವ ಹೊಳೆಯುತ್ತಿದ್ದ ಬೂಟಿಗೇ ಮತ್ತೆ ಪಾಲಿಶ್ ಹಚ್ಚಿದರು. "ಹೌದಾ? ಸಮಯ, ತಾರೀಖು ಎಲ್ಲ ಸರಿಯಾಗಿ ಬರೆದಿಟ್ಕೋ. ಕಾಗದ ಯಾವತ್ತೂ ಕೈ ಬಿಡಲ್ಲ."

ಒಳಗಿಂದ ಅಕ್ಕ, "ಏನೇ ಅದು, ಬಂದ ತಕ್ಷಣ ಭಾವನ ಕಾಲೆಳೆಯೋದು?" ಎಂದು ಗದರಿದಳು. ಹಲೋ ಅಕ್ಕ ಚಹಾ ಕುಡಿದು ಎದ್ದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟು. ಈ ಮನುಷ್ಯನಿಗೆ ಕಳ್ಳತನ ಮಾಡಲೂ ಬರುವುದಿಲ್ಲ, ಒಪ್ಪಿಕೊಳ್ಳಲೂ ಬರುವುದಿಲ್ಲ! ಮನೆ ತಲುಪುವಷ್ಟರಲ್ಲಿ ತೀರ್ಮಾನಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ನಂಬರಿನ ಸುದ್ದಿಯನ್ನೇ ಎತ್ತುವುದು ಬೇಡ. ಟೈಲರನಿಂದಲೂ ಆಣೆ ಹಾಕಿಸಿಕೊಂಡಳು.

ವಿಚಾರಣೆ ನಗರಸಭೆಯ ಸಭಾಂಗಣದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ನಡುವೆ ಅಧ್ಯಕ್ಷೆ ಕುಳಿತಿದ್ದರು. ಬಲಗಡೆ ಸಾರಿಗೆ ಸಾಹೇಬರು, ಅವರ ಪಕ್ಕದಲ್ಲಿ ನಡಾವಳಿ ಬರೆಯಲು ದಪ್ಪ ಪುಸ್ತಕ ಬಿಚ್ಚಿಕೊಂಡು ಭಾವ. ಸಾಹೇಬರ ಕೋಣೆ ಸಭಾಂಗಣಕ್ಕೆ ಅಂಟಿಕೊಂಡೇ ಇತ್ತು. ಸೆಕೆಗೆ ಅದರ ಬಾಗಿಲನ್ನು ತೆರೆದಿಟ್ಟಿದ್ದರು.

ಹಲೋ ಅಕ್ಕ ಎದ್ದು ಲೆಕ್ಕ ಓದಿದಳು. "ನಲವತ್ತು ದಿನದ ಹಾಜರಿ. ದಿನಕ್ಕೆ ಸರಾಸರಿ ನಾನ್ನೂರ ಮೂವತ್ತು ಜನ ಬಸ್ಸಿಗೆ ಕಾದಿದ್ದಾರೆ. ಹತ್ತಿದ್ದು ಕಡಿಮೆ, ಯಾಕಂದ್ರೆ ಬಸ್ಸೇ ಬರಲಿಲ್ಲ."

ಸಭೆ ನಕ್ಕಿತು. ಸಾಹೇಬರು ನಗಲಿಲ್ಲ. "ಅಧ್ಯಕ್ಷರೇ, ಇದು ಬೋಗಸ್ ಲೆಕ್ಕ! ಒಂದೇ ನಂಬರಿಂದ ಇನ್ನೂರು ಮುನ್ನೂರು ಸಲ ಕರೆ ಮಾಡಿಸಿ ಇವರೇ ಸಂಖ್ಯೆ ಹೆಚ್ಚಿಸಿದ್ದಾರೆ ಅಂತ ನನಗೆ ಖಚಿತ ಮಾಹಿತಿ ಇದೆ."

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ನಿಜಾನಾ?"

"ಅಂಥ ಒಂದು ನಂಬರಿದೆ ಮೇಡಂ," ಎಂದಳು ಹಲೋ ಅಕ್ಕ. "ಅದನ್ನ ಲೆಕ್ಕದಿಂದ ತೆಗೆದಿದ್ದೀವಿ."

"ಯಾರದು ಅಂತ ಹೇಳಲ್ಲ ನೋಡಿ!" ಸಾಹೇಬರು ಮೇಜು ಗುದ್ದಿದರು. "ಇವರದ್ದೇ ಇರಬೇಕು!"

ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಟೈಲರ್ ಹಲ್ಲು ಕಚ್ಚಿ ಕುಳಿತ. ಹಲೋ ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು ನಂಬರು. ಅವಳು ಭಾವನ ಬಗ್ಗಿದ ಬೆನ್ನನ್ನು ನೋಡಿ ನುಂಗಿಕೊಂಡಳು.

ಆಗ ಭಾವ ಕೆಮ್ಮಿದರು. ಪೆನ್ನಿನ ತುದಿಯನ್ನು ಪುಸ್ತಕದ ಮೇಲಿಟ್ಟು, ತಲೆಯೆತ್ತದೆ, ಮೂವತ್ನಾಲ್ಕು ವರ್ಷದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು.

"ಸದರಿ ನಂಬರನ್ನ ಓದಿ ಹೇಳಿದ್ರೆ ನಡಾವಳಿಯಲ್ಲಿ ಬರ್ಕೋತೀನಿ. ದಾಖಲೆಗೆ ಬೇಕಾಗುತ್ತೆ."

"ಹೇಳಲಿ, ಹೇಳಲಿ!" ಎಂದರು ಸಾಹೇಬರು ಹುರುಪಿನಿಂದ.

ಹಲೋ ಅಕ್ಕ ಭಾವನನ್ನೇ ನೋಡಿದಳು. ಅವರು ಅರೆಗಳಿಗೆ ಕಣ್ಣೆತ್ತಿದರು. ಅಂಥ ತುಂಟ ಕಣ್ಣನ್ನು ಅವಳು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಆ ಕಚೇರಿಯಲ್ಲಿ ಒಂಬತ್ತು ಫೋನುಗಳಿವೆ ಎಂಬುದು ಅವಳಿಗೆ ಆಗ ಹೊಳೆಯಿತು. ಒಂಬತ್ತರಲ್ಲಿ ಇದೊಂದನ್ನೇ ಆರಿಸಿ, ಸಾಹೇಬರು ಕೋಣೆಯಲ್ಲಿಲ್ಲದ ಹೊತ್ತು ನೋಡಿ, ಅಷ್ಟು ಸಲ ಒತ್ತಬೇಕಾದರೆ ಪೆದ್ದನಾಗಿದ್ದರೆ ಸಾಲದು.

ಅವಳು ಒಂದೊಂದೇ ಅಂಕಿಯನ್ನು ಬಿಡಿಸಿ, ಹಳೆಯ ಆಪರೇಟರ್ ದನಿಯಲ್ಲಿ ಓದಿದಳು. ಭಾವ ದುಂಡಗೆ ಬರೆದುಕೊಂಡರು. ತನ್ನ ಫೋನಿನ ನಂಬರನ್ನು ತಾನೇ ಯಾರೂ ಡಯಲ್ ಮಾಡುವುದಿಲ್ಲವಲ್ಲ, ಸಾಹೇಬರಿಗೆ ಗುರುತೇ ಹತ್ತಲಿಲ್ಲ. "ಈಗ್ಲೇ ಆ ನಂಬರಿಗೆ ಮಾಡಿಸಿ ಅಧ್ಯಕ್ಷರೇ, ಎಲ್ಲರಿಗೂ ಕೇಳೋ ಹಾಗೆ!" ಎಂದು ಅವರೇ ಒತ್ತಾಯಿಸಿದರು.

ಅಧ್ಯಕ್ಷೆ ತಮ್ಮದೇ ಫೋನಿನಿಂದ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಪಕ್ಕದ ಕೋಣೆಯಲ್ಲಿ ಟ್ರಿಣ್ ಟ್ರಿಣ್ ಎಂದಿತು.

ಯಾರೋ ಓಡಿ ಬಂದ ಸದ್ದು. ಆಮೇಲೆ ಸಾಹೇಬರ ಜವಾನನ ದನಿ, ಬಾಗಿಲಿನಿಂದ ಒಮ್ಮೆ, ಸ್ಪೀಕರಿನಿಂದ ಇನ್ನೊಮ್ಮೆ: "ಹಲೋ! ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಹದಿನಾಲ್ಕನೇ ನಂಬರ್ ಬಸ್ಸಿನ ವಿಷಯ ಆದ್ರೆ ಮುಂದಿನ ತಿಂಗಳು ಮಾಡಿ. ಅಷ್ಟರಲ್ಲಿ ನಿಂತೇ ಹೋಗಿರುತ್ತೆ, ತಲೆನೋವು ಇರಲ್ಲ ಅಂತ ಹೇಳಿದ್ದಾರೆ."

ಸಭಾಂಗಣದಲ್ಲಿ ಚಾವಣಿ ಹಾರಿಹೋಗುವಂತೆ ನಗು. ಸಾಹೇಬರು ಎದ್ದರು, ಕುಳಿತರು, ಭಾವನ ಕಡೆ ಕೆಕ್ಕರಿಸಿದರು. ಏನು ಹೇಳಿಯಾರು? ನಾನು ಕೆಡಿಸು ಅಂದೆ, ಇವನು ನನ್ನ ಫೋನಿನಿಂದಲೇ ಕೆಡಿಸಿದ ಎನ್ನಲಾದೀತೆ? ಭಾವ ಮಾತ್ರ, "ಜವಾನರ ಹೇಳಿಕೆಯನ್ನೂ ಬರ್ಕೊಳ್ಳೋದಾ ಮೇಡಂ?" ಎಂದು ವಿನಯದಿಂದ ಕೇಳಿದರು.

"ಅಕ್ಷರ ಬಿಡದೆ ಬರ್ಕೊಳ್ಳಿ," ಎಂದರು ಅಧ್ಯಕ್ಷೆ.

ಆರೂ ಸರದಿಗಳು ಹಿಂದಿರುಗಿದವು. ಒಂದು ವರ್ಷದ ಮಟ್ಟಿಗೆ, ಆಮೇಲೆ ನೋಡೋಣ ಎಂಬ ಷರತ್ತಿನ ಮೇಲೆ. ಸಾಹೇಬರನ್ನು ಉದ್ಯಾನ ವಿಭಾಗಕ್ಕೆ ವರ್ಗ ಮಾಡಿದರು. ಜವಾನನನ್ನು ಯಾರೂ ಏನೂ ಅನ್ನಲಿಲ್ಲ. ಊರಿನವರು ಅವನನ್ನು ಕರೆದು ಕರೆದು ಚಹಾ ಕುಡಿಸಿದರು. ಏಕೆಂದು ಅವನಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ.

ಮುಂದಿನ ಭಾನುವಾರ ಹಲೋ ಅಕ್ಕ ಮತ್ತೆ ಅಕ್ಕನ ಮನೆಗೆ ಹೋದಳು. ಈ ಸಲ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತುಕೊಂಡೇ. ಭಾವ ಒಬ್ಬರೇ ಜಗಲಿಯಲ್ಲಿದ್ದರು.

"ಭಾವ, ನಿಮ್ಮನ್ನ ಕೋಲೆಬಸವ ಅಂದ್ಕೊಂಡಿದ್ದೆ. ತಪ್ಪಾಯ್ತು."

"ಗುಂಪಿಗೆ ಸೇರಿದ ದಿನವೇ ನೀನು ನನ್ನ ಗುರುತು ಹಿಡಿದೆ ಅಂತ ನನಗೂ ಗೊತ್ತಿತ್ತು. ಇಲ್ಲದಿದ್ರೆ ಯಾರಾದ್ರೂ ಅಪರಿಚಿತನ ಕೈಲಿ ಐದು ಅರ್ಜಿ ಬರೆಸ್ತಾರಾ?"

"ಭಯ ಆಗಲಿಲ್ವಾ? ಇನ್ನೆಂಟು ತಿಂಗಳಿತ್ತು."

"ಆಯ್ತು. ಮೊದಲ ದಿನ ಡಯಲ್ ಮಾಡುವಾಗ ಬೆರಳು ತಪ್ಪಿ ಎರಡು ಸಲ ಯಾರದೋ ಲಾಂಡ್ರಿಗೆ ಹೋಯ್ತು. ಆದ್ರೆ ಆ ಹನ್ನೊಂದು ಜನ ಅನ್ನೋ ಕಾಗದ ಇತ್ತಲ್ಲ, ಅದನ್ನ ಬರೆದದ್ದೂ ನಾನೇ ಕಣಮ್ಮ. ಸಾಹೇಬ್ರು ಹೇಳಿದ್ರು, ಬರೆದೆ. ಅವತ್ತಿಂದ ಊಟ ಸೇರ್ತಿರಲಿಲ್ಲ."

ಹಲೋ ಅಕ್ಕನಿಗೆ ಕೊಂಕು ಮಾತೊಂದೂ ಹೊಳೆಯಲಿಲ್ಲ. ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಒಳಗಿಂದ ಅಕ್ಕ ಬಂದು, "ಏನು ಇಬ್ರೂ ಇಷ್ಟು ಸುಮ್ಮನಿದ್ದೀರಿ? ಮೈ ಹುಷಾರಿಲ್ವಾ?" ಎಂದು ಇಬ್ಬರ ಹಣೆಯನ್ನೂ ಮುಟ್ಟಿ ನೋಡಿದಳು.