ಜೋಡಿ ಕಾಳಿನೊಳಗೆ ಮಲಗಿದವನು

ಕುರ್ತಕೋಟಿಯ ಹನಮಂತವ್ವ ಬಿತ್ತನೆಯ ಹತ್ತಿಕಾಳು ಹಸನು ಮಾಡುತ್ತಿದ್ದಳು. ಒಂದಕ್ಕೊಂದು ಅಂಟಿದ ಕಾಳು ಸಿಕ್ಕರೆ ಕಣ್ಣಿಗೊತ್ತಿಕೊಂಡು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು. ಅದು ಲಕ್ಷ್ಮಿಯ ಜೋಡಿ, ಮೊದಲ ಸಾಲಿಗೆ ಬೀಳಬೇಕು ಎಂದು ತೀರಿಹೋದ ಅತ್ತೆ ಹೇಳಿಕೊಟ್ಟಿದ್ದಳು. ಆದರೂ ಹೋದ ವರ್ಷ ಅರ್ಧ ಕಾಯಿ ಒಡೆಯಲೇ ಇಲ್ಲ. ಈ ಸಲವೂ ಹೀಗಾದರೆ ಹೊಲ ಬೇರೆಯವರಿಗೆ ಲಾವಣಿ, ಗುತ್ತಿಗೆಗೆ ಕೊಟ್ಟುಬಿಡುವುದೇ ಎಂದು ಗಂಡ ಸಕ್ರಪ್ಪ ಹೇಳಿಬಿಟ್ಟಿದ್ದ.

ಪಕ್ಕದ ಮನೆಯ ದಿಲಶಾದಬಿ ಓಡುತ್ತ ಬಂದಳು. ಕೈಯಲ್ಲಿ ಕಂದೀಲಿನ ಗಾಜು. ಎರಡೂ ಬಾಯಿಗೆ ಅರಿವೆ ಕಟ್ಟಿತ್ತು.

"ಹನಮಕ್ಕಾ, ಜಲ್ದಿ ನೋಡ. ನಿನ್ನ ಲಕ್ಷ್ಮಿ ಹಾರಾಕತ್ತಾಳ."

ಒಳಗೆ ಬೂದಿ ಬಣ್ಣದ ಸಣ್ಣ ಪತಂಗಗಳು ಪಟಪಟ ಬಡಿದುಕೊಳ್ಳುತ್ತಿದ್ದವು.

"ಪತಂಗ ಹಿಡಕೊಂತ ಅಡ್ಡಾಡತಿ, ಮನ್ಯಾಗ ಕೆಲಸಿಲ್ಲೇನ?"

"ಹಿಡದಿಲ್ಲ, ಇದರಾಗ ಹುಟ್ಟ್ಯಾವ. ಯುಗಾದಿಗೆ ನೀ ಕೊಟ್ಟ ಜೋಡಿ ಕಾಳಷ್ಟ ಹಾಕಿಟ್ಟಿದ್ದೆ. ಜೋಡಿ ಕಾಳು ಬಿತ್ತಬ್ಯಾಡ್ರಿ ಅಂತ ಗ್ರಾಮಸೇವಕರು ಹೇಳಿದ್ದು ಖರೆನೋ ಸುಳ್ಳೋ ನೋಡೂಣಂತ. ಒಂದ ಒಡದ ನೋಡು."

"ಕನ್ನಡ ನಾಡು ಒಂದಾಗೂ ವರ್ಷ. ಊರೆಲ್ಲಾ ಕೂಡ್ರಿ ಅನ್ನಾಕತ್ತೈತಿ, ನೀ ಒಡಿ ಅಂತಿ."

"ನಾಡು ಕೂಡ್ಲಿ ಬಿಡವ್ವಾ. ಇದನ್ನ ಕೂಡಿಸಿದಾಂವ ಒಳಗ ಮಲಗ್ಯಾನ."

ಹನಮಂತವ್ವ ಮನಸ್ಸಿಲ್ಲದೆ ಉಗುರು ಹಾಕಿದಳು. ಕಾಳುಗಳ ನಡುವೆ ನೂಲಿನಂಥ ಬಲೆ. ಒಳಗೆ ಗುಲಾಬಿ ಬಣ್ಣದ ಹುಳು. ಬೆರಳು ತಾಗಿದ್ದೇ ಹೊರಳಿತು. ಇನ್ನೊಂದು ಒಡೆದಳು. ಅದರಲ್ಲೂ ಇತ್ತು. ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಸಕ್ರಪ್ಪ ಎದ್ದು ಬಂದು ತಾನೂ ಒಂದು ಒಡೆದ.

"ಹಂಗಾರ ನಾವು ಹುಳಾನ ಬಿತ್ತೇವಿ," ಎಂದ.

"ಹೂಂ ಅಣ್ಣಾ. ಈ ಹುಳಾ ಪತಂಗ ಆಗತೈತಿ. ಪತಂಗ ಮೊಗ್ಗು, ಎಳೀ ಕಾಯಿ ಮ್ಯಾಲೆ ತತ್ತಿ ಇಡತೈತಿ. ಮರಿ ಕೊರದು ಒಳಗ ಹೋದ ಮ್ಯಾಲೆ ತೂತೂ ಮುಚ್ಚತೈತಿ, ನಮಗ ಗೊತ್ತಾಗೂದಿಲ್ಲ. ಕಾಳು ತಿಂದು, ಎರಡು ಕಾಳು ಹೆಣದು ನಡುವ ಮಲಗತೈತಿ. ನಾವು ದೇವರ ಮುಂದಿಟ್ಟು ಕಾಪಾಡತೇವಿ."

"ಉಳದ ಕಾಳಿಗೆ ಏನ ಮಾಡೂದು?" ಹನಮಂತವ್ವನ ದನಿ ಈಗ ಇಳಿದಿತ್ತು.

"ಉರಿ ಬಿಸಲಾಗ ತೆಳ್ಳಗ ಹರವು, ಒಳಗ ಉಳದ ಹುಳಾ ಸಾಯತಾವ. ಹಿತ್ತಲದಾಗ ಒಟ್ಟಿದ ಹತ್ತಿಕಟಗಿ ಮಳಿಗಿಂತ ಮೊದಲ ಉರಿಸಿ ಮುಗಸು. ಅದರ ಒಣ ಕಾಯಾಗೂ ಇರತಾವ."

ಹನಮಂತವ್ವ ಜೋಡಿ ಕಾಳಿನ ಬಟ್ಟಲು ಹಿಡಿದು ಒಲೆಯ ಮುಂದೆ ನಿಂತಳು. "ಸುಟ್ಟರ ಅತ್ತಿ ಸಿಟ್ಟಾಗತಾಳೇನ?"

"ಅವ್ವ ಹುಳಾ ಕಂಡಿದ್ರ ತಾನ ಒಲಿಗೆ ಹಾಕತಿದ್ಲು," ಎಂದ ಸಕ್ರಪ್ಪ. ಹನಮಂತವ್ವ ಬಟ್ಟಲನ್ನು ಒಲೆಗೆ ಸುರಿದಳು. ಕಾಳು ಚಟಚಟ ಸಿಡಿಯುವಷ್ಟರಲ್ಲಿ ಅವನು ಉಳಿದ ಕಾಳನ್ನು ಬಿಸಿಲಿಗೆ ಹರವಲು ಬುಟ್ಟಿ ಹೊತ್ತು ಮಾಳಿಗೆ ಹತ್ತಿದ್ದ. ಲಾವಣಿಯ ಮಾತು ಮತ್ತೆ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿಕಾಳಿನ ಬುಟ್ಟಿಯನ್ನೂ ಇಂದೇ ಬಿಸಿಲಿಗೆ ತನ್ನಿ. ಜೋಡಿ ಕಾಳು ಆರಿಸಿ ಸುಡಿ. ಅದಕ್ಕೂ ಮೊದಲು ಒಂದನ್ನು ಒಡೆದು ನೋಡಿ. ನಮ್ಮ ಮಾತು ನಂಬದಿದ್ದರೂ ನಿಮ್ಮ ಉಗುರನ್ನು ನಂಬಿ.